ವಿದ್ಯೆಯ ಸಾಲವೂ ನ್ಯಾಯದ ಋಣವೂ

ಗೃಹಸ್ಥನಾದ ಶ್ರಾವಕನಿಗೆ ಗಳಿಕೆ ನಿಷಿದ್ಧವಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಶ್ರಾವಕಧರ್ಮಕ್ಕೆ ಯೋಗ್ಯನಾದವನ ಗುಣಗಳನ್ನು ಎಣಿಸುವಾಗ, ನ್ಯಾಯಮಾರ್ಗದಿಂದ ಧನವನ್ನು ಸಂಪಾದಿಸುವುದನ್ನೇ ಮೊದಲು ಹೇಳುತ್ತಾರೆ. ಪೂಜೆ, ದಾನಗಳ ಮಾತು ಬರುವುದು ಆಮೇಲೆ. ಬುಡದಲ್ಲಿ ಗಳಿಕೆ ಶುದ್ಧವಾಗಿರದಿದ್ದರೆ ಮೇಲಿನ ದಾನವೂ ಶುದ್ಧವಾಗದು ಎಂಬುದು ಅದರ ತಾತ್ಪರ್ಯವೆಂದು ನಾನು ತಿಳಿದುಕೊಂಡಿದ್ದೇನೆ. ಆದರೆ ಗಳಿಸುವ ಮೊದಲೇ ಸಾಲ ಮಾಡಬೇಕಾದ ಕಾಲ ಇದು. ಹದಿನೆಂಟು ವರ್ಷದ ಮಕ್ಕಳು ಓದಿಗಾಗಿ ಲಕ್ಷಗಟ್ಟಲೆ ಸಾಲಕ್ಕೆ ಸಹಿ ಹಾಕುತ್ತಿದ್ದಾರೆ. ಆ ಸಾಲ ಯೋಗ್ಯವೇ, ಆ ಓದು ಯೋಗ್ಯವೇ ಎಂದು ತೂಗಿ ನೋಡುವ ಹೊಣೆ ಮನೆಯ ಹಿರಿಯರ ಮೇಲೆ ಬೀಳುತ್ತದೆ. ಹಾಗೆ ತೂಗಲು ಕುಳಿತ ನಾನು ನನ್ನದೇ ಒಂದು ಹಳೆಯ ಬಾಕಿಯನ್ನು ಎದುರಿಸಬೇಕಾಗಿ ಬಂದ ಪ್ರಸಂಗವನ್ನು ಧರ್ಮಬಂಧುಗಳ ಮುಂದಿಡುತ್ತಿದ್ದೇನೆ.

ನಮ್ಮ ಹಿರಿಯರದು ಶಿವನಸಮುದ್ರದ ಸಮೀಪದ ಸತ್ತೇಗಾಲ. ಅಜ್ಜನವರ ಕಾಲದಲ್ಲಿ ಕೊಳ್ಳೇಗಾಲ ಸೀಮೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಕೊಳ್ಳೇಗಾಲವೆಂದರೆ ರೇಷ್ಮೆ ಎನ್ನುವಷ್ಟರ ಮಟ್ಟಿಗೆ ಆ ವ್ಯಾಪಾರ ಇಲ್ಲಿ ಬೆಳೆದಿದ್ದರೂ ಅಜ್ಜನವರು ಅದಕ್ಕೆ ಕೈ ಹಾಕಲಿಲ್ಲ. ಹುಳು ಒಳಗಿರುವಂತೆಯೇ ಗೂಡನ್ನು ಬೇಯಿಸಿ ತೆಗೆದ ನೂಲಿನ ಲಾಭ ನಮಗೆ ಬೇಡವೆಂದು ಬೇಳೆ, ಬೆಲ್ಲಗಳ ಸಗಟು ಅಂಗಡಿಯನ್ನು ಇಟ್ಟರು. ಗಳಿಕೆ ಕಡಿಮೆಯಾಯಿತು, ಆದರೆ ಮನೆ ನಡೆಯಿತು. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ ಬಂದ ನಾನೂ ಅದೇ ಗಲ್ಲಾಪೆಟ್ಟಿಗೆಯ ಮುಂದೆ ನಾಲ್ಕು ದಶಕ ಕುಳಿತೆ. ಬಿಡುವಿನಲ್ಲಿ ಶಾಸ್ತ್ರಸ್ವಾಧ್ಯಾಯ, ದಶಲಕ್ಷಣ ಪರ್ವದಲ್ಲಿ ಒಂದೆರಡು ಪ್ರವಚನ, ಇದಿಷ್ಟೇ ನನ್ನ ಪಾಂಡಿತ್ಯ.

ಕಳೆದ ಬೇಸಿಗೆಯಲ್ಲಿ ನನ್ನ ತಮ್ಮನ ಮಗಳು ಪಿ.ಯು.ಸಿ. ವಿಜ್ಞಾನದಲ್ಲಿ ಒಳ್ಳೆಯ ಅಂಕಗಳೊಡನೆ ತೇರ್ಗಡೆಯಾದಳು. ಇಂಜಿನಿಯರಿಂಗ್ ಎನ್ನುವಳೆಂದು ನಾವೆಲ್ಲ ನಿರೀಕ್ಷಿಸಿದ್ದೆವು. ಅವಳು ಹೇಳಿದ್ದು ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ. ಅಪರಾಧ ನಡೆದ ಸ್ಥಳದ ರಕ್ತ, ಬೆರಳಚ್ಚು, ಕೈಬರಹ ಮುಂತಾದ ಸಾಕ್ಷ್ಯಗಳನ್ನು ಪರೀಕ್ಷಿಸುವ ವಿದ್ಯೆ ಅದು. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಬಣ್ಣದ ಪುಸ್ತಿಕೆಯನ್ನೂ ತಂದಿದ್ದಳು. ಮೂರು ವರ್ಷದ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ ನಾಲ್ಕು ಲಕ್ಷದಂತೆ ಹನ್ನೆರಡು ಲಕ್ಷ ರೂಪಾಯಿ. ತಮ್ಮನ ಬಳಿ ಇರುವುದು ಸತ್ತೇಗಾಲದ ಮೂರು ಎಕರೆ ಗದ್ದೆ ಮತ್ತು ಒಂದು ಸಣ್ಣ ಅಂಗಡಿ. ಅವನು ಪುಸ್ತಿಕೆಯನ್ನು ನನ್ನ ಮುಂದಿಟ್ಟು, “ಅಣ್ಣ, ನೀವೇ ಲೆಕ್ಕ ನೋಡಿ ಹೇಳಿ” ಎಂದ.

ಲೆಕ್ಕವನ್ನು ನಾನು ಹೀಗೆ ನೋಡಿದೆ. ಶಿಕ್ಷಣ ಸಾಲಗಳಿಗೆ ನಮ್ಮ ಬ್ಯಾಂಕುಗಳು ಅನುಸರಿಸುವುದು ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿ, ಮುಂದೆ ಕಾಲಕಾಲಕ್ಕೆ ತಿದ್ದಿದ ಮಾದರಿ ಯೋಜನೆಯನ್ನು. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಸರ್ಕಾರದ ಖಾತರಿ ನಿಧಿಯ ಬೆಂಬಲವಿರುವುದರಿಂದ ಆಸ್ತಿಯ ಅಡಮಾನ ಬೇಡ. ಅದನ್ನು ಮೀರಿದರೆ ಅಡಮಾನ ಬೇಕು. ಅಂದರೆ ತಮ್ಮನ ಗದ್ದೆಯ ಪತ್ರ ಬ್ಯಾಂಕಿಗೆ ಹೋಗಬೇಕು. ಓದಿನ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನು ಕೇಳಿ ಅನೇಕ ತಂದೆತಾಯಂದಿರು ಆ ಕಾಲದಲ್ಲಿ ಬಡ್ಡಿಯೂ ಇಲ್ಲವೆಂದು ಭಾವಿಸುತ್ತಾರೆ. ಅದು ತಪ್ಪು. ಕಂತು ನಿಂತಿರುತ್ತದೆಯೇ ಹೊರತು ಬಡ್ಡಿ ನಿಂತಿರುವುದಿಲ್ಲ. ನೂರಕ್ಕೆ ಹತ್ತೂವರೆಯ ಬಡ್ಡಿಯೆಂದು ಹಿಡಿದು, ಪ್ರತಿ ವರ್ಷದ ಆರಂಭದಲ್ಲಿ ನಾಲ್ಕು ಲಕ್ಷದಂತೆ ಪಡೆದರೆ, ನಾಲ್ಕು ವರ್ಷ ಮುಗಿಯುವ ಹೊತ್ತಿಗೆ ಸರಳಬಡ್ಡಿಯೇ 3 ಲಕ್ಷ 78 ಸಾವಿರ ಆಗುತ್ತದೆ. ಹನ್ನೆರಡು ಲಕ್ಷದ ಸಾಲ 15 ಲಕ್ಷ 78 ಸಾವಿರವಾಗಿ ನಿಲ್ಲುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 21,300 ರೂಪಾಯಿ ಕಟ್ಟಬೇಕು. ಒಟ್ಟು ಕಟ್ಟುವ ಹಣ ಸುಮಾರು ಇಪ್ಪತ್ತೈದೂವರೆ ಲಕ್ಷ. ಪಡೆದದ್ದಕ್ಕೆ ಎರಡರಷ್ಟು ಮೀರಿತು.

ಇನ್ನು ಗಳಿಕೆಯ ಕಡೆ. ಈ ಪದವಿ ಪಡೆದವರಿಗೆ ಪೊಲೀಸ್ ಇಲಾಖೆಯ ಬಾಗಿಲು ತಾನೇ ತೆರೆಯುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ನಮ್ಮ ರಾಜ್ಯದಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವ ಪದವಿಯಾದರೂ ಸಾಕು. ಇತಿಹಾಸ ಓದಿದವನೂ ನನ್ನಂತೆ ವಾಣಿಜ್ಯ ಓದಿದವನೂ ಅದೇ ಪರೀಕ್ಷೆಯನ್ನು ಬರೆಯಬಹುದು. 2018ರ ವೇತನಶ್ರೇಣಿಯಲ್ಲಿ ಆ ಹುದ್ದೆಯ ಮೂಲವೇತನ 37,900 ರೂಪಾಯಿಯಿಂದ ಆರಂಭವಾಗುತ್ತಿತ್ತು. 2024ರ ಆಗಸ್ಟ್‌ನಿಂದ ಏಳನೆಯ ವೇತನ ಆಯೋಗದಂತೆ ಅದು ಏರಿದೆ. ವೇತನ ಕಡಿಮೆಯದೇನಲ್ಲ, ಆದರೆ ಅದು ಕೈಗೆ ಬರುವ ಕಾಲವನ್ನು ಯಾರು ಹೇಳಬಲ್ಲರು? 545 ಹುದ್ದೆಗಳಿಗಾಗಿ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ 2022ರಲ್ಲಿ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದ ಮಕ್ಕಳು ಅನ್ಯರ ಪಾಪಕ್ಕೆ ಎರಡು ವರ್ಷಗಳಿಗೂ ಮಿಕ್ಕಿ ಕಾದರು. ಬ್ಯಾಂಕಿನ ಕಂತು ಮಾತ್ರ ಕಾಯುವುದು ಒಂದೇ ವರ್ಷ.

ಪ್ರಯೋಗಾಲಯದ ಕೆಲಸದ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮಿನಂತೆ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಕಾರ್ಯರೂಪಕ್ಕೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಆದ್ದರಿಂದ ಈ ವಿದ್ಯೆ ಬಲ್ಲವರು ಹೆಚ್ಚು ಹೆಚ್ಚಾಗಿ ಬೇಕಾಗುತ್ತಾರೆ ಎಂಬುದು ನಿಜ. ಆದರೆ ಬರಿಯ ಮೊದಲ ಪದವಿಯಿಂದ ತಜ್ಞರಾಗಲು ಸಾಲದು, ಎಂ.ಎಸ್‌ಸಿ. ಬೇಕಾಗುವುದೇ ಹೆಚ್ಚು. ಈ ಓದನ್ನು ಮುಗಿಸಿದ ಪರಿಚಿತರ ಮಕ್ಕಳು ಮೂವರನ್ನು ವಿಚಾರಿಸಿದೆ. ಒಬ್ಬನು ವಿಮಾ ತನಿಖೆಯ ಸಂಸ್ಥೆಯೊಂದರಲ್ಲಿ ಹದಿನೆಂಟು ಸಾವಿರಕ್ಕೆ ದುಡಿಯುತ್ತಿದ್ದಾನೆ. ಒಬ್ಬಳು ಎಂ.ಎಸ್‌ಸಿ. ಓದುತ್ತಿದ್ದಾಳೆ. ಮೂರನೆಯವನು ಪರೀಕ್ಷೆಗಳನ್ನು ಬರೆಯುತ್ತಾ ಮನೆಯಲ್ಲಿದ್ದಾನೆ. ಹದಿನೆಂಟು ಸಾವಿರದ ಗಳಿಕೆಯಲ್ಲಿ ಇಪ್ಪತ್ತೊಂದು ಸಾವಿರದ ಕಂತು ಹೇಗೆ ಹುಟ್ಟೀತು?

ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಸಾಲದ ಹೊರೆ ಹೊತ್ತು ಅಧಿಕಾರದ ಕುರ್ಚಿಗೆ ಹೋದವರ ಕೈ ಸ್ವಚ್ಛವಾಗಿ ಉಳಿಯುವುದು ಕಷ್ಟ. ವ್ಯಾಪಾರಿಯಾದವನು ಸಾಲ ತೀರಿಸಲು ಮೇಲೆ ಎರಡು ಗಂಟೆ ಅಂಗಡಿ ತೆರೆದಿಡಬಹುದು. ಸಂಬಳದ ಅಧಿಕಾರಿಗೆ ಅಂಥ ದಾರಿಯಿಲ್ಲ. ಇರುವ ಸುಲಭದ ದಾರಿ ಅಧರ್ಮದ್ದು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಳ್ಳನಿಗೆ ಪ್ರೇರಣೆ ಕೊಡುವುದೂ ಕಳ್ಳಮಾಲನ್ನು ಕೊಳ್ಳುವುದೂ ಸೇರಿವೆ. ಕಳ್ಳನಿಂದ ಹಣ ಪಡೆದು ಕಣ್ಣು ಮುಚ್ಚುವ ಅಧಿಕಾರಿ ಈ ಎರಡನ್ನೂ ಒಟ್ಟಿಗೆ ಮಾಡುತ್ತಾನೆ. ಅಂಥ ಪರೀಕ್ಷೆಗೆ ನಮ್ಮ ಹುಡುಗಿಯನ್ನು ನಾವೇ ಏಕೆ ತಳ್ಳಬೇಕು?

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ತಮ್ಮನ ಮನೆಗೆ ಹೋಗಿ ಬೇಡವೆಂದು ತೀರ್ಪು ಹೇಳಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಸರಿಯಿತ್ತು. “ಅದೂ ಅಲ್ಲದೆ, ಪೊಲೀಸು ಠಾಣೆಯ ಸಹವಾಸ ನಮ್ಮಂಥವರಿಗೆ ಏಕಮ್ಮಾ?” ಎಂದು ಸೇರಿಸಿದೆ. ಹುಡುಗಿ ಹಾಳೆಯನ್ನು ಪೂರ್ತಿ ಓದಿ, “ಲೆಕ್ಕ ಸರಿಯಾಗಿದೆ ದೊಡ್ಡಪ್ಪ, ಒಪ್ಪುತ್ತೇನೆ. ಆದರೆ ಠಾಣೆ ಎಂದರೆ ನಿಮಗೆ ಏಕೆ ಅಷ್ಟು ಬೇಸರ? ನಿಮಗೇನಾದರೂ ಆಗಿತ್ತೇ?” ಎಂದು ಕೇಳಿದಳು.

ನನಗೆ ಏನೂ ಆಗಿರಲಿಲ್ಲ. ಆದದ್ದು ಇನ್ನೊಬ್ಬನಿಗೆ. ಮೂವತ್ತೆರಡು ವರ್ಷ ಯಾರಿಗೂ ಹೇಳದಿದ್ದುದನ್ನು ಅಂದು ಆ ಮಗುವಿಗೆ ಹೇಳಿದೆ.

1993ರ ಮಳೆಗಾಲದ ಒಂದು ರಾತ್ರಿ ಗಲ್ಲಾದ ಹಣ ಎಣಿಸಿದಾಗ 2,700 ರೂಪಾಯಿ ಕಡಿಮೆ ಬಂತು. ಅಂಗಡಿಯಲ್ಲಿ ನನ್ನನ್ನು ಬಿಟ್ಟರೆ ಗಲ್ಲಾದ ಹತ್ತಿರ ಓಡಾಡುತ್ತಿದ್ದವನು ಸತ್ತೇಗಾಲದ ಕಡೆಯ ಹುಡುಗನೊಬ್ಬ. ಆಗ ಅವನಿಗೆ ಹತ್ತೊಂಬತ್ತು ವರ್ಷ. ಎರಡು ವರ್ಷದಿಂದ ಮೂಟೆ ಹೊತ್ತು, ತೂಕ ಮಾಡಿ, ನಂಬಿಕೆಯಿಂದ ಇದ್ದವನು. ಅವನನ್ನು ಕೇಳಿದೆ. ತಾನು ತೆಗೆದಿಲ್ಲವೆಂದ. ಅವನು ನನ್ನ ಮುಖ ನೋಡದೆ ನೆಲ ನೋಡುತ್ತಾ ಹೇಳಿದ್ದೇ ನನಗೆ ಸಾಕ್ಷ್ಯವಾಗಿ ಕಂಡಿತು. ಮರುದಿನ ಠಾಣೆಗೆ ಹೋಗಿ ಅವನ ಮೇಲೆ ಅನುಮಾನವಿದೆ ಎಂದು ಬರೆದುಕೊಟ್ಟೆ. ಎರಡು ರಾತ್ರಿ ಅವನು ಅಲ್ಲಿದ್ದ. ಮೂರನೆಯ ದಿನ ಅವನ ತಾಯಿ ಅಂಗಡಿಯ ಮುಂದೆ ಬಂದು ಅತ್ತಾಗ, ನನಗೂ ಒಳಗೊಳಗೇ ಅಳುಕಾಗಿ, ದೂರು ಬೇಡವೆಂದು ಹೇಳಿ ಬಿಡಿಸಿದೆ. ಅವನ ಎರಡೂ ಪಾದಗಳು ಊದಿದ್ದವು. ಅವನು ಸಂಬಳದ ಬಾಕಿಯನ್ನೂ ಕೇಳದೆ ಹೋದ. ಕೆಲವು ದಿನಗಳಲ್ಲಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಸೇರಿದನೆಂದು ಕೇಳಿದೆ.

ದೀಪಾವಳಿಯ ಹೊತ್ತಿಗೆ ಬೆಲ್ಲದ ವರ್ತಕರೊಬ್ಬರ ಲೆಕ್ಕವನ್ನು ನಮ್ಮ ಲೆಕ್ಕದೊಡನೆ ತಾಳೆ ನೋಡಿದಾಗ ಸತ್ಯ ಹೊರಬಿತ್ತು. ಆ ದಿನ ಅವರಿಗೆ ನಾನೇ ಕೊಟ್ಟದ್ದು 5,200 ರೂಪಾಯಿ. ನಗದು ಪುಸ್ತಕದಲ್ಲಿ ನಾನೇ ಬರೆದದ್ದು 2,500. ವ್ಯತ್ಯಾಸ ಸರಿಯಾಗಿ 2,700. ಲೆಕ್ಕ ಬಲ್ಲವರಿಗೆ ಒಂದು ಸೂತ್ರ ತಿಳಿದಿರುತ್ತದೆ: ವ್ಯತ್ಯಾಸದ ಮೊತ್ತ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಅಂಕಿಗಳನ್ನು ಹಿಂದುಮುಂದು ಬರೆದಿರಬಹುದೇ ಎಂದು ಮೊದಲು ನೋಡಬೇಕು. ಬಿ.ಕಾಂ. ಮೊದಲ ವರ್ಷದಲ್ಲೇ ಅದನ್ನು ಕಲಿತಿದ್ದೆ. ಪುಸ್ತಕವನ್ನು ಹತ್ತು ನಿಮಿಷ ಪರಿಶೀಲಿಸಿದ್ದರೆ ಸಾಕಿತ್ತು. ನಾನು ಪುಸ್ತಕವನ್ನು ನೋಡಲಿಲ್ಲ, ಹುಡುಗನನ್ನು ನೋಡಿದೆ.

ಅವನ ತಾಯಿಯ ಬಳಿ ಹಣ ಕಳುಹಿಸಿದೆ. ಆಕೆ ಅದನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿದಳು. ಆಮೇಲೆ ನಾನು ಸುಮ್ಮನಾದೆ. ಪ್ರತಿ ವರ್ಷ ಕ್ಷಮಾವಣಿಯ ದಿನ ಎಲ್ಲ ಜೀವಿಗಳಲ್ಲೂ ಕ್ಷಮೆ ಕೇಳಿದೆ. ಅವನೊಬ್ಬನ ಮನೆಗೆ ಮಾತ್ರ ಹೋಗಲಿಲ್ಲ. ಪ್ರಮಾದದಿಂದ ಜೀವಿಗೆ ಮಾಡುವ ಘಾತವೇ ಹಿಂಸೆ ಎಂದು ತತ್ತ್ವಾರ್ಥಸೂತ್ರ ನಿರೂಪಿಸುವುದನ್ನು ಪ್ರವಚನದಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಹಾಗೆ ವಿವರಿಸುವಾಗಲೆಲ್ಲ ಆ ಊದಿದ ಪಾದಗಳು ಕಣ್ಣ ಮುಂದೆ ಬರುತ್ತಿದ್ದವು, ಮಾತು ಮುಂದುವರಿಯುತ್ತಿತ್ತು.

ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ದಿನ ಠಾಣೆಯಲ್ಲಿ ‘ಮೊದಲು ಲೆಕ್ಕದ ಪುಸ್ತಕ ತನ್ನಿ’ ಎನ್ನುವವರು ಒಬ್ಬರು ಇದ್ದಿದ್ದರೆ, ದೊಡ್ಡಪ್ಪ?” ಎಂದಳು. ಸ್ವಲ್ಪ ತಡೆದು, “ನಾನು ಓದಬೇಕೆಂದಿರುವುದು ಅದನ್ನೇ” ಎಂದಳು.

ಅಂದಿನ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಮ್ಮ ಪುರಾಣದಂತೆ ಭಗವಾನ್ ಋಷಭದೇವರು ಜೀವನೋಪಾಯಕ್ಕಾಗಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದರು. ನಾವು ವಾಣಿಜ್ಯವನ್ನೇ ಹಿಡಿದು ಕುಳಿತು ಮಿಕ್ಕವು ಅನ್ಯರಿಗೆಂದು ಭಾವಿಸಿದ್ದೇವೆ. ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದನಲ್ಲವೇ? ದಂಡನೀತಿಯ ಮೊದಲೂ ನಮ್ಮ ಪುರಾಣದಲ್ಲೇ ಇದೆ. ಕುಲಕರರ ಕಾಲದಲ್ಲಿ ತಪ್ಪಿತಸ್ಥನಿಗೆ ಶಿಕ್ಷೆಯೆಂದರೆ ‘ಹಾ’ ಎಂಬ ವಿಷಾದ. ಆಮೇಲೆ ‘ಮಾ’ ಎಂಬ ನಿಷೇಧ. ಅದಕ್ಕೂ ಬಗ್ಗದಿದ್ದಾಗ ‘ಧಿಕ್’ ಎಂಬ ತಿರಸ್ಕಾರ. ದೇಹದಂಡನೆ ಬಂದದ್ದು ಜನರ ಕಷಾಯ ಹೆಚ್ಚಿದ ಮೇಲೆ. ಅಪರಾಧಿಯ ಮನಸ್ಸನ್ನು ತಿದ್ದುವುದು ಮೊದಲು, ದೇಹವನ್ನು ದಂಡಿಸುವುದು ಕೊನೆಗೆ ಎಂಬ ಕ್ರಮ ಅಲ್ಲಿ ಸ್ಪಷ್ಟವಾಗಿದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿಗೆ ಕದ್ದವನು ಅದನ್ನು ಹಿಂದಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ ವಿಧಿಸಲಾಗಿದೆ. ಇದು ನಮ್ಮ ಪ್ರಾಯಶ್ಚಿತ್ತದ ಭಾವನೆಗೆ ಹತ್ತಿರವಾದ ಮಾತು. ನಿರಪರಾಧಿಯನ್ನು ಪೆಟ್ಟಿನಿಂದ ಪಾರುಮಾಡುವ ವಿದ್ಯೆ ಅಹಿಂಸಾವ್ರತಿಗೆ ನಿಷಿದ್ಧವೆಂದು ನಾನು ಯಾವ ಬಾಯಿಂದ ಹೇಳಲಿ?

ಹಾಗೆಂದು ಲೆಕ್ಕ ಸುಳ್ಳಾಗಲಿಲ್ಲ. ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಬಡ್ಡಿ ಕಡಿಮೆಯಾಗುವುದಿಲ್ಲ. ನನ್ನ ಪಾಪದ ಭಾರಕ್ಕೆ ತಮ್ಮನ ಗದ್ದೆಯನ್ನು ಒತ್ತೆಯಿಡುವುದೂ ಧರ್ಮವಲ್ಲ. ಬೆಳಿಗ್ಗೆ ಮತ್ತೆ ಹೋಗಿ, ಓದು ಬಿಡುವುದು ಬೇಡ, ದಾರಿ ಬದಲಿಸೋಣ ಎಂದೆ. ಮೂವರೂ ಕುಳಿತು ವಿಚಾರಿಸಿದೆವು. ವಿಧಿವಿಜ್ಞಾನಕ್ಕೆ ತಳಹದಿ ರಸಾಯನಶಾಸ್ತ್ರ, ಜೀವಶಾಸ್ತ್ರಗಳು. ಅವನ್ನು ಮೈಸೂರಿನ ಸರ್ಕಾರಿ ಕಾಲೇಜಿನಲ್ಲಿ ಅತ್ಯಲ್ಪ ಶುಲ್ಕದಲ್ಲಿ ಓದಬಹುದು. ಆಮೇಲೆ ಸ್ನಾತಕೋತ್ತರ ಓದಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗವೇ ಇದೆ. 2020ರಲ್ಲಿ ಸಂಸತ್ತಿನ ಕಾಯಿದೆಯಿಂದ ಸ್ಥಾಪಿತವಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಆವರಣವೂ ಧಾರವಾಡಕ್ಕೆ ಬಂದಿದೆ. ಮೂರು ವರ್ಷದ ನಂತರವೂ ಅವಳ ಮನಸ್ಸು ಇದರಲ್ಲೇ ಇದ್ದರೆ ಆಗ ಸಾಲ ಮಾಡಿದರಾಯಿತು. ಆ ಸಾಲ ಅಡಮಾನವಿಲ್ಲದ ಮಿತಿಯೊಳಗೇ ಇರುತ್ತದೆ. ಮನಸ್ಸು ಬದಲಾದರೆ ಬಿ.ಎಸ್‌ಸಿ. ವ್ಯರ್ಥವಾಗುವುದಿಲ್ಲ. ಹುಡುಗಿಗೆ ಬೆಂಗಳೂರಿನ ಆಸೆ ಪೂರ್ತಿ ಹೋಗಿರಲಿಲ್ಲ. ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಒಪ್ಪಿದಳು. ಈಗ ಮೈಸೂರಿನಲ್ಲಿ ಓದುತ್ತಿದ್ದಾಳೆ. ವಸತಿಯ ಖರ್ಚನ್ನು ನಾನು ಕೊಡುತ್ತಿದ್ದೇನೆ. ಅದನ್ನು ದಾನವೆಂದು ಬರೆದುಕೊಂಡಿಲ್ಲ.

ಆ ವರ್ಷದ ಭಾದ್ರಪದದಲ್ಲಿ, ಕ್ಷಮಾವಣಿಯ ದಿನ, ಸತ್ತೇಗಾಲದ ಕಡೆಯ ಆ ಮನೆಗೆ ಹೋದೆ. ತಾಯಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅವನು ತಿರುಪ್ಪೂರು ಬಿಟ್ಟು ಬಂದು ಸ್ವಲ್ಪ ಜಮೀನು ಮಾಡಿಕೊಂಡಿದ್ದ, ತಲೆ ನರೆತಿತ್ತು. ನನ್ನನ್ನು ಗುರುತಿಸಿದ. ಪುಸ್ತಕದಲ್ಲಿ ನಾನು ಮಾಡಿದ ತಪ್ಪನ್ನು ಅವನ ಹೆಂಡತಿ, ಮಕ್ಕಳ ಮುಂದೆಯೇ ಹೇಳಿ ಕೈ ಮುಗಿದೆ. “ಬುಡಿ ಸಾವ್ಕಾರ್ರೆ, ಆಗೋದ ಮಾತು” ಎಂದ. ಸ್ವಲ್ಪ ಹೊತ್ತಿನ ಮೇಲೆ, “ನಮ್ಮವ್ವ ಇದ್ದಾಗ ಬಂದು ಹೇಳಿದ್ರೆ ಚೆನ್ನಾಗಿತ್ತು” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕೊಟ್ಟ ಮಜ್ಜಿಗೆಯನ್ನು ಕುಡಿದು ಬಂದೆ.

ಈ ಪ್ರಸಂಗದಿಂದ ನಮ್ಮ ಕುಟುಂಬಗಳಿಗೂ ಬಸದಿಗಳ ಟ್ರಸ್ಟುಗಳಿಗೂ ಎರಡು ಮಾತು ನಿವೇದಿಸಬಹುದೆಂದುಕೊಳ್ಳುತ್ತೇನೆ.

ತಂದೆತಾಯಂದಿರು ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು, ಆ ಓದಿನಿಂದ ಮೊದಲ ವರ್ಷ ಬರಬಹುದಾದ ಕನಿಷ್ಠ ಸಂಬಳವನ್ನು ಕೇಳಿ ತಿಳಿಯಲಿ. ಪುಸ್ತಿಕೆಯಲ್ಲಿ ಅಚ್ಚಾದ ಗರಿಷ್ಠ ಸಂಬಳವನ್ನು ನಂಬುವುದು ಬೇಡ. ಕಂತು ಆ ಕನಿಷ್ಠದ ನಾಲ್ಕನೆಯ ಒಂದು ಭಾಗವನ್ನು ಮೀರಿದರೆ ದಾರಿ ಬದಲಿಸಬೇಕೆಂಬುದು ನನ್ನ ಅನುಭವದ ಮಿತಿ. ಪರಿಗ್ರಹಕ್ಕೆ ಪರಿಮಾಣವಿರುವಂತೆ ಸಾಲಕ್ಕೂ ಒಂದು ಪರಿಮಾಣ ಬೇಕು. 2014ರಲ್ಲಿ ಕೇಂದ್ರ ಸರ್ಕಾರವು ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿದೆ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವೃತ್ತಿಶಿಕ್ಷಣಕ್ಕಾಗಿ ‘ಅರಿವು’ ಎಂಬ ಸಾಲಯೋಜನೆಯೂ ಇದೆ. ಬ್ಯಾಂಕಿಗೆ ಹೋಗುವ ಮೊದಲು ಇಂಥವನ್ನು ವಿಚಾರಿಸುವುದು ಜಾಣತನ.

ಟ್ರಸ್ಟುಗಳಲ್ಲಿ ನನ್ನ ವಿನಂತಿ ಬೇರೆ. 1968ರಲ್ಲಿ ಅಮೆರಿಕದ ಸರ್ಕಾರವು ಪೊಲೀಸು, ಸೆರೆಮನೆಗಳ ಕೆಲಸಕ್ಕೆ ಸೇರುವವರ ಓದಿಗೆ ಸಾಲ ಕೊಡುವ ಕಾನೂನು ಮಾಡಿ, ಅವರು ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೆ ಸಾಲದ ಕಾಲು ಭಾಗವನ್ನು ಮನ್ನಾ ಮಾಡುತ್ತಿತ್ತು. ನಮ್ಮ ವಿದ್ಯಾದಾನ ನಿಧಿಗಳು ಚಿಕ್ಕ ಪ್ರಮಾಣದಲ್ಲಿ ಹಾಗೆ ಮಾಡಬಾರದೇಕೆ? ವೈದ್ಯರಿಗೂ ಇಂಜಿನಿಯರುಗಳಿಗೂ ನಿಧಿ ಕೊಡುತ್ತೇವೆ; ಅವರು ಗಳಿಸಿ ತೀರಿಸಬಲ್ಲರು. ಪ್ರಯೋಗಾಲಯ, ಬಾಲನ್ಯಾಯದ ಕೆಲಸ, ಸೆರೆಮನೆಯ ಸುಧಾರಣೆ ಇವುಗಳಿಗೆ ಹೋಗುವ ಮಗುವಿಗೆ ಬಡ್ಡಿಯಿಲ್ಲದ ಸಾಲವನ್ನು ಕೊಟ್ಟು, ಲಂಚ ಮುಟ್ಟದ ಸೇವೆಯ ಒಂದೊಂದು ವರ್ಷಕ್ಕೆ ಒಂದೊಂದು ಭಾಗವನ್ನು ಬಿಟ್ಟುಕೊಟ್ಟರೆ, ಆ ಮಗು ಸಾಲದ ಭಯವಿಲ್ಲದೆ ಸತ್ಯ ಹೇಳಬಲ್ಲದು. ಅಭಯದಾನವು ದಾನಗಳಲ್ಲಿ ಶ್ರೇಷ್ಠವೆನ್ನುತ್ತೇವೆ. ಇದೂ ಒಂದು ಅಭಯದಾನವೇ.

ನಮ್ಮ ಅಂಗಡಿಯ ಲೆಕ್ಕವನ್ನು ಈಗ ಮಗ ಗಣಕಯಂತ್ರದಲ್ಲಿ ಬರೆಯುತ್ತಾನೆ. ಎಲ್ಲಿಯಾದರೂ ವ್ಯತ್ಯಾಸ ಬಂದರೆ ಮೊದಲು ಒಂಬತ್ತರಿಂದ ಭಾಗಿಸಿ ನೋಡಬೇಕೆಂದೂ, ಪೂರ್ತಿ ನೋಡುವವರೆಗೆ ಯಾರ ಹೆಸರನ್ನೂ ಎತ್ತಬಾರದೆಂದೂ ಅವನಿಗೆ ಹೇಳಿದ್ದೇನೆ. ಏಕೆಂದು ಕೇಳಿದ. ಅವನಿಗೂ ಎಲ್ಲವನ್ನೂ ಹೇಳಿದೆ.